ಫೋಟೋಕ್ಕೆ ಕೊಟ್ಟ ತುತ್ತು

ಬೆಳಗ್ಗೆ ಆರಕ್ಕೆ ನಿಂತರೆ ಸಂಜೆ ನಾಲ್ಕರವರೆಗೂ ಕೂರುವ ಹಾಗಿಲ್ಲ. ರೈಲು ನಿಲ್ದಾಣದ ತಿಂಡಿ ಅಂಗಡಿಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ, ಉದ್ದನೆಯ ಸ್ಟೀಲ್ ಮೇಜು, ಅದರ ಸುತ್ತ ಐದು ಹೆಂಗಸರು. ಒಬ್ಬಳು ಬ್ರೆಡ್ ಹರಡಿದರೆ ಇನ್ನೊಬ್ಬಳು ಚೀಸ್ ಇಡುವಳು. ಕೊನೆಯಲ್ಲಿ ಕೆಂಪು ಹಣ್ಣಿನ ಜಾಮ್ ಸವರಿ ಕಾಗದ ಸುತ್ತುವವಳು ಕಡ್ಡಿ. ಮೈಯಲ್ಲಿ ಮೂಳೆ ಚಕ್ಕಳ ಬಿಟ್ಟು ಬೇರೇನೂ ಇಲ್ಲದ್ದಕ್ಕೆ ಆ ಹೆಸರು. ಹಬ್ಬದ ವಾರ ಬಂದಮೇಲೆ ದಿನಕ್ಕೆ ಆರುನೂರು ಹಬ್ಬದ ಸ್ಪೆಷಲ್ ಸ್ಯಾಂಡ್‌ವಿಚ್ ಆಗಬೇಕು. ಊಟಕ್ಕೆ ಬಿಡುವಿಲ್ಲ. ಮಧ್ಯೆ ಮಧ್ಯೆ ಮ್ಯಾನೇಜರ್ ಬಂದು "ಬಾಯಿ ತೆಗೀರಿ" ಎನ್ನುತ್ತಾನೆ. ಟಾರ್ಚ್ ಬಿಟ್ಟು ನೋಡುತ್ತಾನೆ. ಹಲ್ಲಿನ ಸಂದಿಯಲ್ಲಿ ಬ್ರೆಡ್ಡಿನ ಚೂರು ಕಂಡರೆ ಕೆಲಸ ಹೋಯಿತೆಂದೇ ಅರ್ಥ. ದನದ ವ್ಯಾಪಾರಿಯೂ ಇದಕ್ಕಿಂತ ಮರ್ಯಾದೆಯಿಂದ ಹಲ್ಲು ನೋಡುತ್ತಾನೆ.

ಐವರಲ್ಲಿ ಹಿರಿಯಳು ದೊಡ್ಡಕ್ಕ. ಎಲ್ಲರ ಹೆಬ್ಬೆಟ್ಟು ಒತ್ತಿಸಿ ಕಾರ್ಮಿಕ ಕಚೇರಿಗೆ ಅರ್ಜಿ ಕೊಟ್ಟು ಬಂದವಳು ಅವಳೇ. ಅರ್ಧ ಗಂಟೆ ಊಟದ ಬಿಡುವು ಬೇಕು, ಅಷ್ಟೇ ಕೇಳಿದ್ದು.

"ವಿಚಾರಣೆ ಮುಗಿಯೋವರೆಗೂ ಅವನು ಏನ್ ಕೊಟ್ರೂ ಮುಟ್ಟಬೇಡಿ ಕಣ್ರೇ," ಎಂದು ಎಚ್ಚರಿಸಿದ್ದಳು. "ಸುಮ್‌ಸುಮ್ನೆ ಕೊಡೋ ಕೈ ಅಲ್ಲ ಅದು."

ಎರಡೇ ದಿನಕ್ಕೆ ಮ್ಯಾನೇಜರ್ ಕಡ್ಡಿಯನ್ನು ಮುಂಭಾಗದ ಅಂಗಡಿಗೆ ಕರೆದ. ಬಿಸಿ ಮಾಡಿದ ಸ್ಯಾಂಡ್‌ವಿಚ್ ಕೈಗಿಟ್ಟ.

"ಮಾಡೋಳು ನೀನು, ನೀನೇ ರುಚಿ ನೋಡಿಲ್ಲ ಅಂದ್ರೆ ಹೇಗಮ್ಮಾ? ತಿನ್ನು. ಹೇಗಿದೆ ಹೇಳು."

ಕಡ್ಡಿಗೆ ದೊಡ್ಡಕ್ಕನ ಮಾತು ನೆನಪಿತ್ತು. ಹೊಟ್ಟೆಯ ಕೂಗು ಅದಕ್ಕಿಂತ ಜೋರಾಗಿತ್ತು. ಮನೆಯಲ್ಲಿ ಅತ್ತೆ ಬೇರೆ ಛೇಡಿಸುತ್ತಿದ್ದಳು: "ದಿನಾ ಮಾಡ್ತೀಯ, ರುಚಿ ಹೇಗಿರತ್ತೆ ಅಂದ್ರೆ ಕಣ್ ಕಣ್ ಬಿಡ್ತೀಯಲ್ಲೇ!" ಕಡ್ಡಿ ಕಚ್ಚಿದಳು. ಕರಗಿದ ಚೀಸು, ಹುಳಿಸಿಹಿ ಜಾಮು, ಗರಿಗರಿ ಬ್ರೆಡ್ಡು. ತನಗರಿವಿಲ್ಲದೆ ನಕ್ಕಳು. ಮ್ಯಾನೇಜರನ ಮೊಬೈಲು ಕ್ಲಿಕ್ಕೆಂದಿತು. ಇನ್ನೊಂದು ತುತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಅವನು ಸ್ಯಾಂಡ್‌ವಿಚ್ ಕಿತ್ತುಕೊಂಡು ಕಸದ ಡಬ್ಬಕ್ಕೆ ಎಸೆದ.

"ಸಾಕು, ಹೋಗು. ಕೆಲಸ ನೋಡು."

ಒಳಗೆ ಬಂದಾಗ ದೊಡ್ಡಕ್ಕ ಕೇಳಿದಳು, "ಯಾಕೆ ಕರೆದಿದ್ದ?"

"ನೆಲ ಒರೆಸೋಕೆ."

ಸುಳ್ಳು ಸಲೀಸಾಗಿ ಬಂತು. ಜಾಮಿನ ಸಿಹಿ ಮಾತ್ರ ನಾಲಿಗೆ ಬಿಟ್ಟು ಹೋಗಲಿಲ್ಲ. ನಾಚಿಕೆಗೆ ಅಂದು ಮೂರು ಸಲ ಬಾಯಿ ಮುಕ್ಕಳಿಸಿದಳು. ಅತ್ತೆಗೂ ಹೇಳಲಿಲ್ಲ.

ವಾರದ ಮೇಲೆ ಕಾರ್ಮಿಕ ಕಚೇರಿಯ ಅಧಿಕಾರಿ ಬಂದ. ಮ್ಯಾನೇಜರ್ ಕೊಟ್ಟ ಫೋಟೋವನ್ನು ಮೇಜಿನ ಮೇಲೆ ಇಟ್ಟ. ಬಾಯಿ ತುಂಬಿಕೊಂಡು ನಗುತ್ತಿರುವ ಕಡ್ಡಿ. ಕೆಳಗೆ ದೊಡ್ಡಕ್ಷರ: "ಬಿಡುವಿನ ವೇಳೆಯಲ್ಲಿ ನಮ್ಮ ಸಿಬ್ಬಂದಿಗೆ ಹಬ್ಬದೂಟ."

"ಊಟಕ್ಕೆ ಬಿಡಲ್ಲ ಅಂತ ಅರ್ಜಿ. ಇಲ್ಲಿ ನೋಡಿದ್ರೆ ನಗ್ತಾ ತಿಂತಿದೀರ. ನಮಗೇ ಸುಳ್ಳು ಹೇಳ್ತೀರೇನ್ರಮ್ಮಾ?"

ನಾಲ್ಕು ಜೋಡಿ ಕಣ್ಣು ಕಡ್ಡಿಯತ್ತ ತಿರುಗಿದವು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ಐವರ ಅರ್ಜಿ ಬಿದ್ದುಹೋಗುತ್ತದೆ.

"ತಿಂದಿದ್ದು ನಿಜ ಸಾರ್. ಒಂದೇ ತುತ್ತು. ಆಮೇಲೆ ಕಿತ್ಕೊಂಡು ಕಸಕ್ಕೆ ಹಾಕಿದ್ರು. ಎರಡನೇ ತುತ್ತಿನ ಫೋಟೋ ಇದ್ರೆ ತೋರಿಸ್ಲಿ. ಇವ್ರಿಗೂ ಸುಳ್ಳು ಹೇಳ್ದೆ, ನೆಲ ಒರೆಸೋಕೆ ಹೋಗಿದ್ದೆ ಅಂತ."

"ಮತ್ತೆ ಈ ನಗು?"

"ಹಸಿದಿದ್ದೆ ಸಾರ್. ರುಚಿಯಾಗಿತ್ತು."

ಅಧಿಕಾರಿ ತಲೆ ಕೆರೆದುಕೊಂಡ. "ಫೋಟೋ ಇದೆಯಲ್ಲಮ್ಮಾ, ನಾನೇನು ಮಾಡಲಿ?" ಎಂದು ಫೈಲು ಮುಚ್ಚಿದ. ಮ್ಯಾನೇಜರ್ ಅವನನ್ನು ಬಾಗಿಲವರೆಗೂ ಬಿಟ್ಟುಬಂದ. ಹೊರಗೆ ರೈಲು ಬಂದು ನಿಂತಿತು. ಗಿರಾಕಿಗಳ ಗಲಾಟೆ ಶುರುವಾಯಿತು.

ದೊಡ್ಡಕ್ಕ ಕೈಗವಸು ಕಳಚಿದಳು. ಮನೆಯಿಂದ ತಂದ ಡಬ್ಬಿ ತೆಗೆದುಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಉಳಿದ ಮೂವರೂ ಕೂತರು. ಕಡ್ಡಿ ತಲೆ ತಗ್ಗಿಸಿ ಗೋಡೆಗೆ ಅಂಟಿಕೊಂಡೇ ನಿಂತಿದ್ದಳು.

"ಏಯ್, ಎದ್ದೇಳ್ರೇ! ರೈಲು ಬಂದಿದೆ!" ಮ್ಯಾನೇಜರ್ ಕಿರುಚಿದ.

ದೊಡ್ಡಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯುತ್ತ ಕಡ್ಡಿಗೆ ಹೇಳಿದಳು:

"ನಿಂಗೆ ಆಮೇಲೆ ಇದೆ ಕಣೇ. ಈಗ ಕೂತ್ಕೊಂಡು ಉಣ್ಣು."