ಸಾಹುಕಾರರು ಆರೈಕೆ ಮಾಡಿದ ಹಗ್ಗ

ಚೈತ್ರದ ಬಿಸಿಲಿಗೆ ಕ್ವಾರಿಯ ಕೆಂಪು ಕಲ್ಲು ಬೆಳಿಗ್ಗೆಯೇ ಕಾದಿತ್ತು. ಗುಂಡಿಯ ತಳದಲ್ಲಿ ಉಳಿ ಸುತ್ತಿಗೆಗಳ ಸದ್ದು ಶುರುವಾಗಿತ್ತು. ಆ ಹೊತ್ತಿಗೆ ನನ್ನನ್ನು ಮರದ ಉರುಳೆಯಿಂದ ಬಿಚ್ಚಿ ಕ್ರೇನಿಗೆ ಏರಿಸಿದರು. ನಾನು ಒಂದು ಉಕ್ಕಿನ ಹಗ್ಗ. ಸಣ್ಣ ಸಣ್ಣ ಎಳೆಗಳನ್ನು ಹೊಸೆದು ಯಾವುದೋ ಕಾರ್ಖಾನೆ ನನ್ನನ್ನು ಹುಟ್ಟಿಸಿತು. ಕೆಲಸ ಕೊಟ್ಟದ್ದು ಇಳಕಲ್ ಕಡೆಯ ಈ ಗುಂಡಿ.

ಕ್ವಾರಿ ರಾಚಪ್ಪ ಸಾಹುಕಾರರದು. ಕ್ರೇನ್ ನಡೆಸುವವನು ಯಮನಪ್ಪ. ಕೆಳಗೆ ನಿಂತು ಕಲ್ಲಿಗೆ ಸರಪಳಿ ಬಿಗಿಯುವವನು ಅವನ ತಮ್ಮ ದ್ಯಾಮಣ್ಣ. ದಿನಾ ಬೆಳಿಗ್ಗೆ ಯಮನಪ್ಪ ಹಳೆ ಸೀರೆಯ ಚಿಂದಿಯನ್ನು ನನ್ನ ಮೈಗೆ ಸುತ್ತಿ ಉದ್ದಕ್ಕೂ ಎಳೆಯುತ್ತಿದ್ದ. ಎಲ್ಲಾದರೂ ಎಳೆ ಕಡಿದಿದ್ದರೆ ಅದರ ಮೊನೆಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಸಿಕ್ಕದಿದ್ದರೆ ಮಾತ್ರ ತಮ್ಮನಿಗೆ, "ಇಳಿಯಪಾ" ಎನ್ನುತ್ತಿದ್ದ.

ಕೆಲವು ಬೇಸಿಗೆ ಹಾಗೇ ದುಡಿದೆ. ಆಮೇಲೆ ಭಾರ ಎತ್ತುವಾಗೆಲ್ಲ ಒಳಗೊಳಗೇ ಎಳೆಗಳು ಕಡಿಯತೊಡಗಿದವು. ಒಂದು ಬೆಳಿಗ್ಗೆ ಚಿಂದಿ ಸಿಕ್ಕಿ ಸಿಕ್ಕಿ ಪರಪರನೆ ಹರಿಯಿತು. ಯಮನಪ್ಪ ಕ್ರೇನ್ ಹತ್ತಲಿಲ್ಲ. ಲಾರಿ ಕಾಯುತ್ತಿತ್ತು, ಸಾಹುಕಾರರೇ ಬಂದರು.

"ಎಳಿ ಕಡದಾವ್ರೀ ಸಾವ್ಕಾರ್ರ. ಹೊಸಾ ಹಗ್ಗ ತರಸ್ರಿ."

"ಹೆಂಡ್ತಿ ಸೀರಿ ತುಂಡು ಹರೀತಂತ ಕ್ರೇನ್ ನಿಲ್ಲಸೀಯೇನಲೇ? ಆಕಿಗೊಂದು ಇಳಕಲ್ ಸೀರಿ ಕೊಡಸ್ತೀನಿ ತಗೋ, ಅದು ಹರಿಯಂಗಿಲ್ಲ."

ಎಲ್ಲರೂ ನಕ್ಕರು. ದ್ಯಾಮಣ್ಣನೂ ನಕ್ಕ.

ಸಾಹುಕಾರರು ಗ್ರೀಸ್ ಡಬ್ಬಿ ತರಿಸಿ, ಬಿಳಿ ಅಂಗಿಯ ತೋಳು ಮಡಚಿ, ತಾವೇ ಕೈಯಾರೆ ನನಗೆ ಬಳಿದರು. ಬೆರಳು ದಪ್ಪ ಬಳಿದರು. ಅಷ್ಟು ಆಸ್ಥೆಯಿಂದ ಅದುವರೆಗೆ ಯಾರೂ ನನ್ನನ್ನು ಮುಟ್ಟಿರಲಿಲ್ಲ. ಆಮೇಲೆ ಚಿಂದಿ ಎಳೆದರು. ಅದು ಜಾರಿಕೊಂಡು ಹೋಯಿತು.

"ಎಲ್ಲಿ ಸಿಕ್ಕೊಂತು? ತೋರಸು."

ಯಮನಪ್ಪ ಗ್ರೀಸಿನಡಿ ಮುಚ್ಚಿಹೋದ ಮೊನೆಗಳನ್ನು ಬೆರಳಿನಿಂದ ಹುಡುಕಿದ.

"ಅಣ್ಣಾ, ಸಾವ್ಕಾರ್ರ ಕೈ ಹೊಲಸ ಮಾಡ್ಕೊಂಡಾರ, ಇನ್ನೇನ್ ನೋಡ್ತಿ?" ಎಂದು ದ್ಯಾಮಣ್ಣ ಇಳಿದೇಬಿಟ್ಟ.

ಯಮನಪ್ಪ ಕ್ರೇನ್ ಹತ್ತಿದ. ಕಲ್ಲು ನೆಲ ಬಿಟ್ಟು ಆಳೆತ್ತರ ಏರಿತು. ಹಿಡಿದುಕೊಂಡೆ. ಆದರೆ ಹಿಡಿಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ದ್ಯಾಮಣ್ಣನನ್ನು ಕಲ್ಲಿನಡಿಯಿಂದ ತೆಗೆಯುವ ಹೊತ್ತಿಗೆ ಸಂಜೆಯಾಗಿತ್ತು. ಸಾಹುಕಾರರು ಮೊದಲು ಕಲ್ಲನ್ನು ಸುತ್ತಿ ನೋಡಿದರು. ನಡುವೆ ಬಿರುಕು ಬಿಟ್ಟಿತ್ತು. ಆಮೇಲೆ ಯಮನಪ್ಪನತ್ತ ತಿರುಗಿದರು.

"ಜಗ್ಗಿ ಎತ್ತಿದಿ, ಅದಕ್ಕ ಹರೀತು. ಹಗ್ಗ ಛಲೋ ಇತ್ತು, ಎಲ್ಲಾರೂ ನೋಡ್ಯಾರ. ಈ ಕಲ್ಲಿನ ರೊಕ್ಕ ಯಾರ್ ಕೊಡ್ತಾರಲೇ?"

ಬಟ್ಟೆ ಜಾರಿದ್ದನ್ನು ಎಲ್ಲರೂ ನೋಡಿದ್ದು ನಿಜವೇ.

ಹರಿದ ತುದಿಯನ್ನು ಕತ್ತರಿಸಿ ಶೆಡ್ಡಿನ ಮೂಲೆಗೆ ಎಸೆದರು. ಈ ಕಥೆ ಹೇಳುತ್ತಿರುವುದು ಆ ತುಂಡು. ಉಳಿದ ಉದ್ದ ಮತ್ತೆ ಕ್ರೇನಿಗೇ ಏರಿತು. ಅದೂ ನಾನೇ. ಅದರ ಹೊಟ್ಟೆಯೊಳಗೆ ಎಷ್ಟು ಕಡಿದಿದೆಯೆಂದು ನನಗೆ ಗೊತ್ತು; ಕ್ವಾರಿಯವರಿಗೆ ಕೇಳಿಸುವಂತೆ ಹೇಳಲು ಬಾಯಿಲ್ಲ. ತುಕ್ಕು ಹಿಡಿಯುತ್ತ ಬಿದ್ದಿದ್ದೇನೆ. ಮುಪ್ಪಿನಲ್ಲಿ ಒಂದು ಮೂಲೆಯಾದರೂ ಸಿಕ್ಕಿತು. ಯಮನಪ್ಪನಿಗೆ ಅದೂ ಇಲ್ಲ. ಕ್ರೇನಿಗೆ ಬೇರೆ ಡ್ರೈವರ್ ಬಂದಿದ್ದಾನೆ. ಕಲ್ಲಿನ ರೊಕ್ಕ ತೀರುವವರೆಗೆ ಯಮನಪ್ಪ ಕೂಲಿಯಿಲ್ಲದೆ ತಳದಲ್ಲಿ, ತಮ್ಮ ನಿಂತಿದ್ದ ಜಾಗದಲ್ಲೇ, ಸರಪಳಿ ಬಿಗಿಯುತ್ತಾನೆ.

"ಇನ್ನ ಎಷ್ಟ್ ರೊಕ್ಕ ಉಳದೈತಿ ಯಮನಪ್ಪಣ್ಣಾ?" ಹೊಸ ಡ್ರೈವರ್ ಮೊನ್ನೆ ಮೇಲಿನಿಂದ ಕೇಳಿದ.

"ಸಾವ್ಕಾರ್ರು ಹೇಳಿಲ್ಲಪಾ. ನೀ ಎತ್ತು."