ತಿಮ್ಮಿ ಬಿದ್ದ ಮೆಟ್ಟಿಲು

"ಒಡೆಯಾ, ಮರದ ಮೆಟ್ಲಿಗೆ ಒರಲೆ ಹಿಡ್ದು ತಿಂದದೆ. ಕಾಲಿಟ್ರೆ ಅಲ್ಲಾಡ್ತದೆ."

ಹೊನ್ನಾವರದ ಬಂದರಿನ ಹತ್ತಿರ ಮಾಳಿಗೆಯ ಮೇಲೆ ಬಾಡಿಗೆಗಿದ್ದ ತಿಮ್ಮಿ, ಮನೆಯ ಮಾಲೀಕ ಕಮಲಾಕರ ಶಾನಭಾಗರ ಅಂಗಡಿಗೆ ಬಂದು ಹೀಗೆ ಹೇಳಿದ್ದು ಅದು ಮೂರನೇ ಸಲ. ಅರವತ್ತೆರಡನೇ ಇಸವಿಯ ಮಳೆಗಾಲ. ತಿಮ್ಮಿ ಮೀನು ಮಾರುವವಳು. ಗಂಡ ದೋಣಿ ಮಗುಚಿ ತೀರಿಕೊಂಡಿದ್ದ. ಮುದಿ ಅತ್ತೆ ಗಂಗಿಯನ್ನು ಅವಳೇ ಸಾಕಬೇಕಿತ್ತು.

"ಆತು ಮಾರಾಯ್ತಿ, ಮಳೆ ಮುಗೀಲಿ," ಎಂದರು ಶಾನಭಾಗರು.

ಅವಳು ಹೋದ ಮೇಲೆ, ಬೆಂಚಿನ ಮೇಲೆ ಕುಳಿತಿದ್ದ ಗೆಳೆಯ ಮಹಾಗಣಪತಿ ಭಟ್ಟರು ಬಾಯಿ ತೆರೆದರು. ಅವರು ವಿಮಾ ಕಂಪನಿಯ ಏಜೆಂಟರು.

"ಕಮಲಾಕರಾ, ಜಾರೂದು ಮಳೆಗಾಲದಲ್ಲೇ ಅಲ್ದಾ? ಮೊದ್ಲು ಮೆಟ್ಲು ಸರಿ ಮಾಡ್ಸು. ಆಮೇಲೆ ಒಂದು ವಿಮೆ ಇಳ್ಸು. ನಿನ್ನ ಮನೇಲಿ ಯಾರಿಗಾದ್ರೂ ಪೆಟ್ಟಾದ್ರೆ ಪರಿಹಾರ ಕೊಡೂಕೆ ಬೇಕಾಗ್ತದೆ."

"ಎಂತಾ ವಿಮೆ? ನಂದೇನು ಮೋಟಾರ ಬಸ್ಸಾ? ನಿಂತಲ್ಲೇ ನಿಂತ ಮನೆ ಯಾರಿಗೆ ಹಾಯ್ತದೆ?"

"ಗೊತ್ತಿದ್ದೂ ಸರಿ ಮಾಡ್ಸದಿದ್ರೆ ಹೊಣೆ ನಿಂದೇ ಮಾರಾಯಾ."

ಶಾನಭಾಗರು ನಕ್ಕು ಎಲೆ ಅಡಿಕೆ ಮುಂದೆ ತಳ್ಳಿದರು.

ಎಂಟೇ ದಿನ. ಬೆಳಿಗ್ಗೆ ಬುಟ್ಟಿ ಹೊತ್ತು ಇಳಿಯುವಾಗ ಮೆಟ್ಟಿಲು ಮುರಿಯಿತು. ತಿಮ್ಮಿ ಕೆಳಗಿನ ಚಿರೆಕಲ್ಲಿನ ಮೇಲೆ ಬಿದ್ದಳು. ಬೆನ್ನುಮೂಳೆ ಹೋಯಿತು. ಇನ್ನು ನಡೆಯಲಾರಳು ಎಂದರು ಡಾಕ್ಟರು.

ಶಾನಭಾಗರು ಭಟ್ಟರ ಮನೆಗೆ ಓಡಿದರು. "ಈಗೊಂದು ವಿಮೆ ಬರ್ಕೊಡು. ಹಿಂದಿನ ತಾರೀಕು ಹಾಕು."

"ಅದು ಮೋಸ, ಕಮಲಾಕರಾ. ಆಗಿಹೋದ ಅಪಘಾತಕ್ಕೆ ವಿಮೆ ಸಿಕ್ಕೂದಿಲ್ಲ."

ತಿಮ್ಮಿಯ ಕಡೆಯಿಂದ ದಾವೆ ಬಿತ್ತು. ಕೋರ್ಟು ಶಾನಭಾಗರಿಗೆ ಪರಿಹಾರ ಕೊಡಲು ಹೇಳಿತು. ಅದಕ್ಕಾಗಿ ಶಾನಭಾಗರು ಆ ಮನೆಯನ್ನೇ ಮಾರಬೇಕಾಯಿತು. ತಿಮ್ಮಿಯ ಕೈಗೆ ಬಂದದ್ದು ಔಷಧಕ್ಕೇ ಹೋಯಿತು. ಮನೆ ಕೊಂಡವರು ಖಾಲಿ ಮಾಡಿಸಿದ ಮೇಲೆ ಅತ್ತೆ ಸೊಸೆ ಕಡಲ ದಂಡೆಯ ಗುಡಿಸಲು ಸೇರಿದರು. ಎಪ್ಪತ್ತು ದಾಟಿದ ಗಂಗಿ ಮತ್ತೆ ಮೀನಿನ ಬುಟ್ಟಿ ಹೊತ್ತಳು.

"ಕುಮಟೆಲಿರೂ ನಮ್ಮ ಇನ್ನೊಂದು ಮನೇಲೂ ಬಾಡ್ಗೆ ಜನ ಇದ್ದಾರಲ್ರೀ," ಎಂದರು ಶಾನಭಾಗರ ಹೆಂಡತಿ ಸುಬ್ಬಲಕ್ಷ್ಮಿ. "ಇನ್ನೊಬ್ರು ಬೀಳೂದು ಬೇಡ."

ಶಾನಭಾಗರು ಮರುದಿನವೇ ಕುಮಟೆಗೆ ಹೋದರು. ಬಿರುಕುಬಿಟ್ಟ ಬಾವಿಕಟ್ಟೆ ಕಟ್ಟಿಸಿದರು. ಮೆಟ್ಟಿಲು ಬದಲಿಸಿದರು. ಕಂಪನಿಯವರು ಬಂದು ನೋಡಿ ವಿಮೆ ಮಾಡಿಕೊಟ್ಟರು. ವಿಮೆಯಾದ ದಿನ ಸಂಜೆ ಶಾನಭಾಗರು ತಿಮ್ಮಿಯ ಗುಡಿಸಲಿಗೆ ಹೋದರು.

"ತಿಮ್ಮೀ, ಕುಮಟೆ ಮನೆ ಎಲ್ಲಾ ಸರಿ ಮಾಡ್ಸಿದೆ. ವಿಮೇನೂ ಆತು."

ಚಾಪೆಯ ಮೇಲೆ ಮಲಗಿದ್ದ ತಿಮ್ಮಿ ಬಾಗಿಲ ಕಡೆ ಕತ್ತು ತಿರುಗಿಸಿದಳು. "ಒಡೆಯಾ, ಅತ್ತೆ ಬಂದ್ಳಾ ನೋಡಿ. ಬಾಳ ಹೊತ್ತಾತು. ನಂಗೆ ಎದ್ದು ನೋಡೂಕೆ ಆಗೂದಿಲ್ಲ," ಎಂದಳು.

ಶಾನಭಾಗರು ಹೊರಗೆ ಬಂದು ನೋಡಿದರು. ದಾರಿಯಲ್ಲಿ ಯಾರೂ ಇರಲಿಲ್ಲ.

ಮನೆ ಬಾಡಿಗೆಗೆ ಕೊಟ್ಟಿರುವ ಅಣ್ಣಂದಿರೇ, ಅಕ್ಕಂದಿರೇ, ಬಾಡಿಗೆದಾರರು ಹೇಳುವ ತನಕ ಕಾಯಬೇಡಿ. ಹೇಳಿದರಂತೂ ಮಳೆ ಮುಗಿಯಲಿ ಎನ್ನಬೇಡಿ. ಇವತ್ತೇ ಹೋಗಿ ಮೆಟ್ಟಿಲು, ಬಾವಿಕಟ್ಟೆ, ಛಾವಣಿ ನೋಡಿ ಸರಿ ಮಾಡಿಸಿ. ಆಮೇಲೆ ವಿಮೆ ಇಳಿಸಿ. ವಿಮೆ ಪರಿಹಾರ ಕೊಟ್ಟೀತು, ಮುರಿದ ಬೆನ್ನನ್ನು ಅದು ಕೂಡಿಸಲಾರದು.