ಸರ್ಟಿಫಿಕೇಟ್ ಕೊಡುವವರಿಗೆ ಮಾನ್ಯತೆ ಉಂಟಾ?

ಲಂಡನ್ನಿನ ಕ್ವೀನ್ಸ್‌ಬರಿಯ ಐತಪ್ಪ, ಚಂಪಾ ದಂಪತಿಗೆ ದೋಸೆಹಿಟ್ಟು, ಚಟ್ನಿ ಮಾಡಿ ಅಂಗಡಿಗಳಿಗೆ ಕೊಡುವ ಕೆಲಸ. ವರ್ಷಗಟ್ಟಲೆ ಬೇರೆಯವರ ಹೋಟೆಲಿನಲ್ಲಿ ದುಡಿದು ಕೊನೆಗೆ ಸ್ವಂತ ಅಡುಗೆಮನೆ ತೆರೆದವರು. 2014ರ ಬೇಸಿಗೆಯಲ್ಲಿ, ಕಾಲೇಜು ಕ್ಯಾಂಟೀನುಗಳನ್ನು ನಡೆಸುವ ದೊಡ್ಡ ಕಂಪನಿಯೊಂದು ಅವರ ಹಿಟ್ಟನ್ನು ಮೆಚ್ಚಿತು. “ಸೆಪ್ಟೆಂಬರಿನಿಂದ ಕೊಡಿ. ಆದರೆ ಆಹಾರ ಸುರಕ್ಷತೆಯ ಐಎಸ್‌ಒ ಸರ್ಟಿಫಿಕೇಟ್ ಬೇಕು” ಎಂದಿತು.

ಐತಪ್ಪ ಇಂಟರ್‌ನೆಟ್ಟಿನಲ್ಲಿ ಹುಡುಕಿದರು. ಒಬ್ಬ ಏಜೆಂಟ್ ಸರ್ಟಿಫಿಕೇಟ್ ಕೊಡಲು ಫೋನಿನಲ್ಲೇ ಒಪ್ಪಿಕೊಂಡ.

“ಒಂದೇ ವಾರದಲ್ಲಿ ಕೊಡ್ತಾನಂತೆ ಮಾರಾಯ್ತಿ! ಇಲ್ಲಿಗೆ ಬರ್ಲಿಕ್ಕೂ ಇಲ್ಲವಂತೆ!”

“ಅಡುಗೆಮನೆ ನೋಡದೆ ಸರ್ಟಿಫಿಕೇಟ್ ಕೊಡುದಾ? ಅದೆಂತ ಸರ್ಟಿಫಿಕೇಟ್?” ಚಂಪಾಗೆ ಸಮಾಧಾನವಾಗಲಿಲ್ಲ. ಹತ್ತಿರದ ಹ್ಯಾರೋದಲ್ಲಿದ್ದ ಗೆಳತಿ ಸಿರಿಶಾಳನ್ನು ಕರೆಸಿದರು. ಬೆಂಗಳೂರು ಮೂಲದ ಸಿರಿಶಾ ಅಲ್ಲಿನ ಔಷಧಿ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದಳು.

“ಐತಪ್ಪಣ್ಣ, ಮಾನ್ಯತೆ ಇಲ್ದೇ ಇರೋರೂ ಸರ್ಟಿಫಿಕೇಟ್ ಕೊಡಬಹುದು, ಅದು ಕಾನೂನಿಗೆ ವಿರುದ್ಧ ಏನಲ್ಲ. ಆದ್ರೆ ಅವ್ರು ಸರಿಯಾಗಿ ಪರೀಕ್ಷೆ ಮಾಡ್ತಾರಾ ಅಂತ ನೋಡೋರು ಯಾರು? ಈ ದೇಶದಲ್ಲಿ ಆ ಕೆಲಸ ಸರ್ಕಾರ ನೇಮಿಸಿರೋ ಯೂಕಾಸ್ ಅನ್ನೋ ಸಂಸ್ಥೆದು. ಯೂಕಾಸ್ ಮಾನ್ಯತೆ ಪಡೆದ ಸಂಸ್ಥೆಯವ್ರು ಪೂರ್ತಿ ಪರೀಕ್ಷೆ ಮಾಡಿದ ಮೇಲೇನೇ ಕೊಡೋದು.”

“ಅದಕ್ಕೆ ತಿಂಗಳುಗಟ್ಟಲೆ ಬೇಕು. ಖರ್ಚೂ ಹೆಚ್ಚು. ಅಷ್ಟೊತ್ತಿಗೆ ಆರ್ಡರ್ ಬೇರೆಯವರ ಪಾಲಾದ್ರೆ? ನೀನು ತಂದುಕೊಡ್ತೀಯಾ?” ಐತಪ್ಪ ರೇಗಿದರು.

“ಕ್ಯಾಂಟೀನ್ ಕಂಪನಿಯವ್ರನ್ನೇ ಕೇಳಿಬಿಡೋಣ ಅಣ್ಣ.”

ಚಂಪಾ ಅಲ್ಲೇ ಫೋನ್ ಮಾಡಿದರು. ಯೂಕಾಸ್ ಮಾನ್ಯತೆ ಇಲ್ಲದ ಸರ್ಟಿಫಿಕೇಟನ್ನು ತಾವು ತೆಗೆದುಕೊಳ್ಳುವುದೇ ಇಲ್ಲ ಎಂದರು ಅಲ್ಲಿನ ಮ್ಯಾನೇಜರ್. ಚಂಪಾ ಧೈರ್ಯ ಮಾಡಿ ಸಮಯ ಕೇಳಿದರು. ಜನವರಿಯವರೆಗೆ ಕಾಯುತ್ತೇವೆ ಎಂಬ ಉತ್ತರ ಬಂತು.

ಐತಪ್ಪ ಏಜೆಂಟನಿಗೆ ಬೇಡವೆಂದರು. ಯೂಕಾಸ್ ವೆಬ್‌ಸೈಟಿನಲ್ಲಿ ನೋಡಿ, ಆಹಾರ ಸುರಕ್ಷತೆಗೇ ಮಾನ್ಯತೆ ಇದ್ದ ಸಂಸ್ಥೆಯೊಂದನ್ನು ಗೊತ್ತುಮಾಡಿದರು.

ಆ ಸಂಸ್ಥೆಯಿಂದ ಬಂದ ಆಡಿಟರ್ ಮೂಲೆಮೂಲೆ ನೋಡಿದರು. ಬೇಯಿಸಿದ ಟೊಮೇಟೊ ಚಟ್ನಿ ಬೇಗ ತಣಿಯುತ್ತಿಲ್ಲ, ಅದರಲ್ಲಿ ರೋಗಾಣು ಬೆಳೆಯುವ ಅಪಾಯವಿದೆ ಎಂದರು.

“ನಮ್ಮ ಚಟ್ನಿ ತಿಂದು ಇಷ್ಟರವರೆಗೆ ಯಾರಿಗೂ ಎಂತದೂ ಆಗ್ಲಿಲ್ಲ!” ಆಡಿಟರ್ ಹೋದಮೇಲೆ ಐತಪ್ಪ ಗೊಣಗಿದರು.

“ಆಗುವ ಮೊದಲೇ ಗೊತ್ತಾಯ್ತಲ್ಲ. ತಿನ್ನುದು ಮಕ್ಕಳು!” ಎಂದರು ಚಂಪಾ.

ಐತಪ್ಪ ಮರುದಿನವೇ ದೊಡ್ಡ ಪಾತ್ರೆ ಬಿಟ್ಟು ಅಗಲದ ತಟ್ಟೆಗಳಲ್ಲಿ ಚಟ್ನಿ ಹರಡಿದರು. ಬೇಗ ತಣಿಸುವ ಯಂತ್ರವನ್ನೂ ತಂದರು. ಮತ್ತೆ ಬಂದ ಆಡಿಟರ್ ನೋಡಿ ತಲೆದೂಗಿದರು.

ಡಿಸೆಂಬರಿನಲ್ಲಿ ಸರ್ಟಿಫಿಕೇಟ್ ಕೈಸೇರಿತು, ಹಿಂದೆಯೇ ಆರ್ಡರೂ! ದಿಢೀರ್ ಸರ್ಟಿಫಿಕೇಟ್ ಹಿಡಿದು ಅದೇ ಕಂಪನಿಗೆ ಹೋಗಿದ್ದ ಇನ್ನೊಬ್ಬ ವ್ಯಾಪಾರಿ ಬರಿಗೈಯಲ್ಲಿ ವಾಪಸಾದನಂತೆ.

ಜನವರಿಯಲ್ಲಿ ಕಾಲೇಜು ಶುರುವಾದ ದಿನ ದೋಸೆಗೆ ನಿಂತವರ ಸಾಲು ಕ್ಯಾಂಟೀನಿನ ಬಾಗಿಲು ದಾಟಿತ್ತು. ಐತಪ್ಪ ಎದೆಯುಬ್ಬಿಸಿ ಸಿರಿಶಾಗೆ ಫೋನ್ ಮಾಡಿದರು: “ನಮ್ಮ ಅಡುಗೆಮನೆ ಪರೀಕ್ಷೆ ಬರೆದು ಪಾಸಾದದ್ದು ಮಾರಾಯ್ತಿ! ಪುಕ್ಕಟೆ ಪಾಸಲ್ಲ!”

ವ್ಯಾಪಾರ ಮಾಡುವ ಅಕ್ಕಂದಿರೇ, ಅಣ್ಣಂದಿರೇ, ದುಡ್ಡು ಕಟ್ಟುವ ಮುಂಚೆ ನಿಮ್ಮ ಗಿರಾಕಿಯನ್ನು ಕೇಳಿ, ಯೂಕಾಸ್ ವೆಬ್‌ಸೈಟ್ ನೋಡಿ. ನಿಮ್ಮ ಬೆವರಿಗೆ ಬೆಲೆ ತರುವ ಸರ್ಟಿಫಿಕೇಟನ್ನೇ ಪಡೆಯಿರಿ, ತಲೆಯೆತ್ತಿ ವ್ಯಾಪಾರ ಮಾಡಿ!